ಪನ್ವೇಲ್‌ಗೆ ಆರು ಗಂಟೆ ತಡ

ಆಟಿ ತಿಂಗಳ ಮಳೆಯಲ್ಲಿ ದೊಡ್ಡಮ್ಮನನ್ನು ಕರಕೊಂಡು ಕಾಸರಗೋಡಿನಿಂದ ಮುಂಬಯಿ ಹತ್ತಿರದ ಪನ್ವೇಲ್‌ಗೆ ಹೋಗಿಬಂದೆ. ಅವರ ಮಗಳ ಮನೆ ಅಲ್ಲಿ. ಇಳಿಯುವಾಗ ಆರು ಗಂಟೆ ತಡ. ಕೊಂಕಣ ದಾರಿಯಲ್ಲಿ ಮಳೆಗಾಲಕ್ಕೆ ಹೊರಟವರು ತಡಕ್ಕೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ನನ್ನನ್ನು ಈಗಲೂ ಕಾಡುವುದು ಆ ರಾತ್ರಿಯ ಬೇರೊಂದು ಐದು ನಿಮಿಷ.

ಮೊದಲು ಸಮಯದ ವಿಷಯ. ಈ ದಾರಿಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇತ್ತು. ಹಿಂದೆ ಅಕ್ಟೋಬರ್ ಕೊನೆಯವರೆಗೂ ಇರುತ್ತಿತ್ತು. ಬೇಸಿಗೆಯಲ್ಲಿ ಹೋಗಿಬಂದ ನೆನಪಿನ ಮೇಲೆ ಸ್ಟೇಷನ್ನಿಗೆ ಹೊರಟರೆ ಗಾಡಿ ತಪ್ಪೀತು, ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಜೋರು ಮಳೆ ಬಂದು ದಾರಿ ಕಾಣದಾದರೆ ಗಂಟೆಗೆ 40 ಕಿ.ಮೀ. ಮೀರದ ಹಾಗೆ ಓಡಿಸಬೇಕೆಂದು ಚಾಲಕರಿಗೆ ಸೂಚನೆ ಇದೆ. ಹೆಚ್ಚಿನ ಕಡೆ ಒಂದೇ ಹಳಿ. ಒಂದು ಗಾಡಿ ತಡವಾದರೆ ಎದುರಿನದ್ದು ಕ್ರಾಸಿಂಗ್‌ಗೆ ಕಾಯುತ್ತದೆ, ಅದರ ಹಿಂದಿನದ್ದೂ ಕಾಯುತ್ತದೆ.

ನಮ್ಮವರಿಗೆ ಒಂದು ಅನುಕೂಲ ಉಂಟು. ಗಾಡಿ ತೆಂಕಿನಿಂದ ಓಡಿ ಬರುವುದರಿಂದ ಅದು ಕಣ್ಣೂರಿಗೆ ಎಷ್ಟು ಹೊತ್ತಿಗೆ ಮುಟ್ಟಿತೆಂದು ಮೊಬೈಲಿನಲ್ಲಿ ನೋಡಿ ಮನೆ ಬಿಡಬಹುದು. ನೀವು ಹತ್ತುವ ಸ್ಟೇಷನ್ನಿಗೇ 3 ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣವೇ ಬೇಡವೆನಿಸಿದರೆ, ಗಾಡಿ ಅಲ್ಲಿಂದ ಹೊರಡುವ ಮೊದಲು ಟಿಡಿಆರ್, ಅಂದರೆ ಟಿಕೆಟ್ಟಿನ ಹಣ ವಾಪಸ್ ಕೇಳುವ ಅರ್ಜಿ, ಹಾಕಿ. ಪೂರ್ತಿ ಹಣ ವಾಪಸ್ ಸಿಗುತ್ತದೆ. ಹೊರಟ ಮೇಲೆ ಹಾಕಿದರೆ ಆ ಲೆಕ್ಕ ಇಲ್ಲ.

ಊಟಕ್ಕೆ ಬನ್ಸ್ ಕಟ್ಟಿಕೊಂಡಿದ್ದೆವು, ಮರುದಿನ ಮಧ್ಯಾಹ್ನದವರೆಗೂ ಚೆನ್ನಾಗಿತ್ತು. ಪತ್ರೊಡೆ ಬೇಡವೆಂದರೂ ದೊಡ್ಡಮ್ಮ ಕೇಳಲಿಲ್ಲ. ಅವರ ಮಾತ್ರೆಗೆ ಬಿಸಿನೀರು ಬೇಕೆಂದು ನಾನು ಎಲೆಕ್ಟ್ರಿಕ್ ಕೆಟಲ್ ಹಿಡಿದುಕೊಂಡಿದ್ದೆ. ಉಡುಪಿ ದಾಟಿದ ಮೇಲೆ ಅದನ್ನು ಮೊಬೈಲ್ ಚಾರ್ಜಿಂಗ್ ಪಾಯಿಂಟಿಗೆ ಸಿಕ್ಕಿಸಿದೆ. ಎದುರಿನ ಬರ್ತಿನ ಹಿರಿಯರು ಎದ್ದು ಬಂದು ಪ್ಲಗ್ ಮುಟ್ಟಿ, "ನೀವೇ ಮುಟ್ಟಿ ನೋಡಿ" ಎಂದರು. ಕೈ ಇಡಲಾಗದಷ್ಟು ಬಿಸಿ. ಮೊಬೈಲಿಗೆಂದು ಎಳೆದ ವಯರಿನಲ್ಲಿ ಕೆಟಲ್ಲಿನ ಕರೆಂಟ್ ಎಳೆದರೆ ಮತ್ತೇನಾಗಬೇಕು? ರೈಲಿನಲ್ಲಿ ಕೆಟಲ್ ಬಳಸುವ ಹಾಗೂ ಇಲ್ಲ. ನಾಚಿಕೆಯಾಗಿ ಬ್ಯಾಗಿನ ತಳಕ್ಕೆ ತುರುಕಿದೆ. ನೀವು ಫ್ಲಾಸ್ಕ್ ಒಯ್ಯಿರಿ. ಪವರ್‌ಬ್ಯಾಂಕ್ ಮನೆಯಲ್ಲೇ ತುಂಬಿಸಿಕೊಳ್ಳಿ, ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಪಾಯಿಂಟಿನಲ್ಲಿ ಕರೆಂಟ್ ಇಲ್ಲವೆಂದೇ ಲೆಕ್ಕ ಹಾಕಿ.

ಕುಮಟಾ ದಾಟಿದ ಮೇಲೆ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ರಾತ್ರಿ ಎರಡು ಕಳೆದಿರಬೇಕು. "ಕರಟಿದ ವಾಸನೆ ಬರ್ತದಲ್ಲ ಮಾರಾಯ" ಎಂದು ದೊಡ್ಡಮ್ಮ ನನ್ನನ್ನು ಎಬ್ಬಿಸಿದರು. ಹೌದು, ರಬ್ಬರ್ ಸುಟ್ಟಂಥ ವಾಸನೆ, ಕಿಟಕಿಯ ಹೊರಗೆ ತೆಳ್ಳಗೆ ಹೊಗೆ. ಯಾರೋ "ಬೆಂಕಿ" ಎಂದರು. ಅಷ್ಟೇ ಸಾಕಾಯಿತು. ಮೇಲಿನ ಬರ್ತಿನವರು ಧಡಧಡ ಇಳಿದರು, ಮಕ್ಕಳು ಅತ್ತವು. ಪ್ಲಾಟ್‌ಫಾರ್ಮ್ ಬದಿಯ ಬಾಗಿಲಲ್ಲಿ ಜನ ಒತ್ತಿಕೊಂಡದ್ದರಿಂದ ಒಬ್ಬ ಹುಡುಗ ಆಚೆ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಕೆಟಲ್ ಬಿಡಿಸಿದ ಅದೇ ಹಿರಿಯರು ಅವನ ಅಂಗಿ ಹಿಡಿದೆಳೆದರು. ಎರಡು ನಿಮಿಷ ಆಗಿರಲಿಲ್ಲ, ಆ ಬದಿಯ ಹಳಿಯಲ್ಲಿ ಎದುರಿನ ಗಾಡಿ ನಿಲ್ಲದೆ ಹಾದುಹೋಯಿತು. ಅದರ ಗಾಳಿಗೆ ಬಾಗಿಲು ಅದುರಿದ್ದು ನನಗೆ ಕೇಳಿಸಿತು.

ಬೆಂಕಿ ಇರಲಿಲ್ಲ. ಬ್ರೇಕ್ ಬಿಡದೆ ಚಕ್ರಕ್ಕೆ ಹಿಡಿದುಕೊಂಡು ಉಜ್ಜಿದ್ದು. ಸಿಬ್ಬಂದಿ ಟಾರ್ಚ್ ಹಿಡಿದು ಬಂದು ಬೋಗಿಯ ಅಡಿಯಲ್ಲಿ ಏನೋ ಎಳೆದರು, ಬುಸ್ಸೆಂದು ಗಾಳಿ ಹೋಯಿತು. ಮುಕ್ಕಾಲು ಗಂಟೆ ಅಲ್ಲೇ ಕಳೆಯಿತು.

2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಆದದ್ದೂ ಹೀಗೆಯೇ. ಪುಷ್ಪಕ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಕಿಯ ಸುದ್ದಿ ಹಬ್ಬಿ, ಚೈನ್ ಎಳೆದು ಪಕ್ಕದ ಹಳಿಗೆ ಇಳಿದವರ ಮೇಲೆ ಕರ್ನಾಟಕ ಎಕ್ಸ್‌ಪ್ರೆಸ್ ಹಾದು 10ಕ್ಕೂ ಹೆಚ್ಚು ಮಂದಿ ತೀರಿಹೋದರು. 2023ರ ಏಪ್ರಿಲ್ 2ರಂದು ಕೋಝಿಕ್ಕೋಡ್ ಬಳಿಯ ಎಲತ್ತೂರಿನಲ್ಲಿ ಒಬ್ಬ ನಿಜವಾಗಿ ಪೆಟ್ರೋಲ್ ಎರಚಿ ಬೆಂಕಿ ಹಚ್ಚಿದ. ಅಲ್ಲಿಯೂ ಮಗು ಸೇರಿ ಮೂವರ ಹೆಣ ಸಿಕ್ಕಿದ್ದು ಹಳಿಯ ಮೇಲೆ.

ಆದ್ದರಿಂದ ಬೋಗಿಯಲ್ಲಿ ಹೊಗೆ ಕಂಡರೆ ಹಾರಬೇಡಿ. ಬಗ್ಗಿ ನಡೆಯಿರಿ, ಹೊಗೆ ಮೇಲೇರುತ್ತದೆ. ಒಳಗಿನ ದಾರಿಯಿಂದಲೇ ಒಂದೆರಡು ಬೋಗಿ ಆಚೆ ಹೋಗಿ, ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಇಳಿಯಲೇಬೇಕಾದರೆ ಪಕ್ಕದ ಹಳಿ ಇಲ್ಲದ ಬದಿಗೆ. ಕಾಸರಗೋಡು–ಮಂಗಳೂರು ನಡುವೆ ಎರಡು ಹಳಿ, ಅತ್ತ ಪನ್ವೇಲ್ ಬದಿಯಲ್ಲಿ ರೋಹಾ ಕಳೆದ ಮೇಲೂ ಹಾಗೆಯೇ. ನಡುವಿನ ಕೊಂಕಣದಲ್ಲಿ 90ರಷ್ಟು ಸುರಂಗ, ಲೆಕ್ಕವಿಲ್ಲದಷ್ಟು ಸೇತುವೆ. ಅಲ್ಲಿ ಚೈನ್ ಎಳೆದು ನಿಲ್ಲಿಸಿದರೆ ಇಳಿಯಲು ನೆಲವೇ ಇರದು.

ಟಾಯ್ಲೆಟ್ಟಿನಲ್ಲಿ ಬೀಡಿ ಸೇದುವವರಿಗೂ ಒಂದು ಮಾತು: ಎಸಿ ಬೋಗಿಗಳಲ್ಲಿ ಹೊಗೆ ಪತ್ತೆಹಚ್ಚುವ ಸಾಧನ ಇದೆ, ಅದು ತಾನಾಗಿ ಬ್ರೇಕ್ ಹಾಕುತ್ತದೆ. ನಿಮ್ಮ ಒಂದು ಬೀಡಿಗೆ ಇಡೀ ಗಾಡಿ ನಿಲ್ಲುತ್ತದೆ. ವಿಷುವಿಗೆ ಪಟಾಕಿ, ಕ್ಯಾನಿನಲ್ಲಿ ಮಾಹೆಯ ಅಗ್ಗದ ಪೆಟ್ರೋಲ್ ತರುವವರಿಗೆ ರೈಲ್ವೆ ಕಾಯ್ದೆಯ 164ನೇ ಕಲಮಿನಲ್ಲಿ 3 ವರ್ಷದವರೆಗೆ ಜೈಲು ಉಂಟು.

ವಾಪಸ್ ಬರುವಾಗ ಪನ್ವೇಲ್‌ನಲ್ಲಿ ಹತ್ತಿದ ಕೂಡಲೇ ದೊಡ್ಡಮ್ಮ ಕೇಳಿದ್ದು, "ಆ ಕೆಂಪು ಕಿಟಕಿ ಎಲ್ಲಿ ಉಂಟು, ತೋರಿಸು." ಸ್ಲೀಪರ್‌ನಲ್ಲಿ ತುರ್ತು ಕಿಟಕಿಯ ಸರಳು ಮೇಲಕ್ಕೆ ಸರಿಯುತ್ತದೆ. ತೋರಿಸಿದೆ. ಅದರ ಕೆಳಗೆ ಯಾರದೋ ನಾಲ್ಕು ಸೂಟ್‌ಕೇಸು ಪೇರಿಸಿತ್ತು. ಅವರ ಹತ್ತಿರ ಹೇಳಿ ತೆಗೆಸಿದ ಮೇಲೆಯೇ ದೊಡ್ಡಮ್ಮ ಚಾದರ ಹೊದ್ದದ್ದು.