ಫಾರ್ಮ್ಯಾಟ್ ಮಾಡಿಸುವ ಮೊದಲು ಜಾಕ್ ನೋಡಿ

ಮಳೆಗಾಲದಲ್ಲಿ ನಮ್ಮ ಕರಾವಳಿಯ ಲ್ಯಾಪ್‌ಟಾಪ್‌ಗಳಿಗೆ ಒಂದು ಕಾಯಿಲೆ ಬರುತ್ತದೆ. ಇಯರ್‌ಫೋನ್ ಹಾಕಿದರೆ ಶಬ್ದ ಚೆನ್ನಾಗಿಯೇ ಕೇಳುತ್ತದೆ, ತೆಗೆದರೆ ಸ್ಪೀಕರ್ ತುಟಿ ಪಿಟಕ್ಕೆನ್ನುವುದಿಲ್ಲ. ಡ್ರೈವರ್ (ಶಬ್ದ ನಡೆಸುವ ತಂತ್ರಾಂಶ) ಹೋಗಿರಬೇಕೆಂದು ಹಲವರು ಸೀದಾ ಫಾರ್ಮ್ಯಾಟ್ ಮಾಡಿಸಿಬಿಡುತ್ತಾರೆ. ಫೋಟೊ, ಫೈಲು ಎಲ್ಲ ಹೋಗುತ್ತದೆ, ಸ್ಪೀಕರ್ ಮಾತ್ರ ಹಾಗೆಯೇ ಇರುತ್ತದೆ. ಸ್ವಲ್ಪ ತಡೆಯಿರಿ ಮಾರಾಯ್ರೆ, ಈ ಲಕ್ಷಣ ಕಂಡರೆ ಮೊದಲ ಅನುಮಾನ ಇಯರ್‌ಫೋನ್ ಸಿಕ್ಕಿಸುವ ಜಾಕ್‌ನ ಮೇಲಿರಲಿ.

3.5 ಮಿ.ಮೀ. ಜಾಕ್‌ನೊಳಗೆ ಶಬ್ದ ಸಾಗಿಸುವ ಸ್ಪ್ರಿಂಗ್ ಪಟ್ಟಿಗಳ ಜೊತೆಗೆ ಒಂದು ಪುಟ್ಟ ಸ್ವಿಚ್ ಕೂಡ ಇದೆ. ಪಿನ್ ಒಳಗೆ ಹೋದ ಕೂಡಲೇ ಸ್ವಿಚ್ ಬದಲಾಗುತ್ತದೆ, ಅದನ್ನು ನೋಡಿಕೊಂಡು ಆಡಿಯೊ ಚಿಪ್ ಸ್ಪೀಕರನ್ನು ಬಂದ್ ಮಾಡುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯ ಊರುಗಳಲ್ಲಿ ಗಾಳಿಯಲ್ಲಿರುವ ಉಪ್ಪು ಮತ್ತು ತೇವ ಸೇರಿ ಈ ಪಟ್ಟಿಗಳ ಮೇಲೆ ಕಿಲುಬು ಕಟ್ಟುತ್ತದೆ. ಬ್ಯಾಗಿನ ಧೂಳು, ಬಟ್ಟೆಯ ನೂಲು ಕೂಡ ಅದರ ಜೊತೆ ಸೇರಿಕೊಳ್ಳುತ್ತದೆ. ಪಿನ್ ತೆಗೆದ ಮೇಲೂ ಸ್ವಿಚ್ ಮೊದಲಿನ ಸ್ಥಿತಿಗೆ ಮರಳದಿದ್ದರೆ, ಇಯರ್‌ಫೋನ್ ಇನ್ನೂ ಇದೆ ಎಂದೇ ಚಿಪ್ ತಿಳಿದುಕೊಂಡಿರುತ್ತದೆ.

ಹಾಗಾಗಿದೆಯೇ ಎಂದು ನೋಡುವುದು ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ಕೆಳಗಿರುವ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿ. ಪ್ಲೇಬ್ಯಾಕ್ ಪಟ್ಟಿ ತೆರೆಯುತ್ತದೆ. ಜಾಕ್‌ನಲ್ಲಿ ಏನೂ ಇಲ್ಲದಿದ್ದರೂ ಅಲ್ಲಿ ಹೆಡ್‌ಫೋನ್ಸ್ ಎಂದೇ ತೋರಿಸುತ್ತಿದ್ದರೆ ಸ್ವಿಚ್ ಸಿಕ್ಕಿಕೊಂಡಿರಬಹುದು. ಟಿವಿಗೆ ಎಚ್‌ಡಿಎಂಐ ಜೋಡಿಸಿದ್ದರೆ, ಅಥವಾ ಪಕ್ಕದ ಕೋಣೆಯ ಬ್ಲೂಟೂತ್ ಸ್ಪೀಕರ್ ಆನ್ ಇದ್ದರೆ, ಶಬ್ದ ಅಲ್ಲಿಗೆ ಹೋಗುತ್ತಿರಬಹುದು. ಹಾಗಿದ್ದರೆ ಸ್ಪೀಕರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಆಸ್ ಡಿಫಾಲ್ಟ್ ಕೊಟ್ಟರೆ ಸಾಕು.

ಅದೇ ಕಿಟಕಿಯಲ್ಲಿ ಪ್ರತಿ ಹೆಸರಿನ ಬಲಕ್ಕೆ ಹಸಿರು ಗೆರೆಗಳಿವೆ. ಹಾಡು ಹಾಕಿದಾಗ ಸ್ಪೀಕರ್ಸ್ ಎದುರಿನ ಗೆರೆ ಕುಣಿಯುತ್ತಿದ್ದು ಶಬ್ದ ಮಾತ್ರ ಇಲ್ಲವೆಂದರೆ, ಹಾಡು ವಿಂಡೋಸ್ ದಾಟಿ ಹೋಗುತ್ತಿದೆ, ತೊಂದರೆ ಅಲ್ಲಿಂದಾಚೆಗಿರಬಹುದು. ಗೆರೆಯೇ ಏಳದಿದ್ದರೆ ಸಾಫ್ಟ್‌ವೇರ್ ಕಡೆ ಹುಡುಕಿ. ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ, ಡೆಲ್ ಆದರೆ ಆನ್ ಮಾಡುವಾಗ ಎಫ್12, ಎಚ್‌ಪಿ ಆದರೆ ಎಫ್2 ಒತ್ತಿ ಡಯಾಗ್ನೋಸ್ಟಿಕ್ಸ್ ಎಂಬ ಪರೀಕ್ಷೆ ಓಡಿಸಿ. ಅದಕ್ಕೆ ವಿಂಡೋಸ್ ಬೇಕಿಲ್ಲ. ಅಲ್ಲಿ ಸ್ಪೀಕರ್ ಕೂಗಿದರೆ ಸ್ಪೀಕರ್ ಸರಿಯಿದೆ. ಉಬುಂಟು (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಲಿನಕ್ಸ್‌ನ ಒಂದು ಬಗೆ) ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿದರೂ ಇದೇ ಉತ್ತರ ಸಿಗುತ್ತದೆ.

ಜಾಕ್ ಶುಚಿ ಮಾಡುವಾಗ ಆತುರ ಬೇಡ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಟಾರ್ಚ್ ಬಿಟ್ಟು ಒಳಗೆ ನೂಲು, ಕಸ ಇದೆಯೇ ನೋಡಿ. ಹಲ್ಲಿನ ಸಂದು ಉಜ್ಜುವ ಸಪೂರ ಬ್ರಷ್ಷಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಮಾತ್ರ ತಾಗಿಸಿ, ಒಳಗೆ ಬಿಟ್ಟು ಮೆಲ್ಲಗೆ ತಿರುಗಿಸಿ. ಆ ಬ್ರಷ್ಷಿನ ನಡುವೆ ತಂತಿ ಇರುತ್ತದೆ, ಒತ್ತಿ ತುರುಕಬೇಡಿ. ನಂತರ ಇಯರ್‌ಫೋನ್ ಪಿನ್ ಒರೆಸಿ ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ, ಉಜ್ಜಿದಾಗ ಕಿಲುಬು ಬಿಡುತ್ತದೆ. ಕಾಲು ಗಂಟೆ ಆರಲು ಬಿಟ್ಟು ಆನ್ ಮಾಡಿ. ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ಗ್ಲಿಸರಿನ್ ಇದ್ದರೆ ಅಂಟು ಉಳಿದು ಧೂಳು ಹಿಡಿಯುತ್ತದೆ. ಸೂಜಿ, ಸೇಫ್ಟಿ ಪಿನ್ ಕೂಡ ಹಾಕಬಾರದು. ಪಟ್ಟಿ ಒಮ್ಮೆ ಬಗ್ಗಿದರೆ ಜಾಕನ್ನೇ ಬದಲಾಯಿಸಬೇಕು.

ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer) ತೆರೆದು, ಎಫ್6ರಿಂದ ಸೌಂಡ್ ಕಾರ್ಡ್ ಆರಿಸಿ, ಆಟೊ ಮ್ಯೂಟ್ ಮೋಡ್ ಅನ್ನು ಡಿಸೇಬಲ್ಡ್ ಮಾಡಿದರೆ ಸ್ವಿಚ್ ಕೆಟ್ಟಿದ್ದರೂ ಸ್ಪೀಕರ್ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಸ್ಪೀಕರ್ ಕಂಬದ ಕೆಳಗೆ ಎರಡು ಎಂ ಅಕ್ಷರ ಕಂಡರೆ ಅದು ಮ್ಯೂಟ್ ಆಗಿದೆ, ಎಂ ಕೀ ಒತ್ತಿ.

ಯಕ್ಷಗಾನ ಕೇಳುವವರಿಗೆ ಬೇಗ ತಿಳಿಯುವ ಇನ್ನೊಂದು ದೋಷವಿದೆ. ಇಯರ್‌ಫೋನ್‌ನಲ್ಲಿ ಚೆಂಡೆಯ ಪ್ರತಿಧ್ವನಿ ಕೇಳುತ್ತದೆ, ಭಾಗವತರ ಪದ ಮಾತ್ರ ಬಾವಿಯೊಳಗಿಂದ ಬಂದಂತಿರುತ್ತದೆ. ಪಿನ್ ಪೂರ್ತಿ ಕೂತಿಲ್ಲ, ಅಥವಾ ಗ್ರೌಂಡ್ (ಎರಡೂ ಕಿವಿಗಳಿಗೆ ಸಾಮಾನ್ಯವಾದ ತಂತಿ) ಸಂಪರ್ಕ ತಪ್ಪಿದೆ ಎಂದರ್ಥ. ಗ್ರೌಂಡ್ ಇಲ್ಲದಿದ್ದರೆ ಎಡ ಬಲದ ಎರಡು ಕಿವಿಗಳೂ ಒಂದೇ ಸರಣಿಗೆ ಬೀಳುತ್ತವೆ, ಎರಡರಲ್ಲೂ ಸಮನಾಗಿರುವ ಶಬ್ದ ಪರಸ್ಪರ ಕಳೆದುಹೋಗುತ್ತದೆ. ಹಾಡುವ ದನಿಯನ್ನು ಸಾಮಾನ್ಯವಾಗಿ ನಡುವಿನಲ್ಲಿಟ್ಟು ಮಿಕ್ಸ್ ಮಾಡುವುದರಿಂದ ಮೊದಲು ಮಾಯವಾಗುವುದು ಅದೇ. ರೆಕಾರ್ಡಿಂಗ್ ಮೊನೋ (ಎರಡೂ ಕಿವಿಗೆ ಒಂದೇ ಶಬ್ದ) ಆಗಿದ್ದರೆ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತದೆ. ಮೈಕ್ ಇರುವ ಹಳೆಯ ಇಯರ್‌ಫೋನ್‌ಗಳಲ್ಲೂ ಹೀಗಾಗುತ್ತದೆ. ನಾಲ್ಕು ಸಂಪರ್ಕಗಳಿರುವ ಪಿನ್‌ಗಳಲ್ಲಿ ಸಿಟಿಐಎ, ಒಎಂಟಿಪಿ ಎಂಬ ಎರಡು ಜೋಡಣೆಗಳಿದ್ದು, ಮೈಕ್ ಮತ್ತು ಗ್ರೌಂಡ್‌ನ ಜಾಗ ಅದಲು ಬದಲಾಗಿರುತ್ತದೆ. ಇಯರ್‌ಫೋನ್‌ನ ಬಟನ್ ಒತ್ತಿ ಹಿಡಿದಾಗ ದನಿ ಸರಿಯಾದರೆ ಇದೇ ಕಾರಣ.

ಚಾರ್ಜರ್ ಹಾಕಿದಾಗ ಮಾತ್ರ ಗುಂಯ್ ಎನ್ನುತ್ತಿದ್ದರೆ ಅದನ್ನು ತೆಗೆದು ಬ್ಯಾಟರಿಯಲ್ಲಿ ಕೇಳಿ. ನಿಂತರೆ ದೋಷ ಅರ್ತಿಂಗ್‌ನದ್ದಾಗಿರಬಹುದು. ಮೂರು ಪಿನ್ನಿನ ಚಾರ್ಜರಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದರೆ ಮೊದಲು ಅದನ್ನು ತೆಗೆಯಿರಿ. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಬಳಿ ಅರ್ತ್ ಪರೀಕ್ಷಿಸಿಕೊಳ್ಳಿ, ಅದು ಜೀವಕ್ಕೂ ಸಂಬಂಧಿಸಿದ್ದು.

ಬ್ಲೂಟೂತ್ ಹೆಡ್‌ಫೋನ್ ಮೀಟಿಂಗ್ ಶುರುವಾದ ಕೂಡಲೇ ಹಳೇ ಫೋನಿನ ದನಿಗೆ ಇಳಿದರೆ ಹೆದರಬೇಡಿ. ಮೈಕ್ ಬಳಸಿದಾಗ ಅದು ಕರೆಯ ಮೋಡ್‌ಗೆ ಹೋಗುತ್ತದೆ. ಇನ್‌ಪುಟ್‌ನಲ್ಲಿ ಲ್ಯಾಪ್‌ಟಾಪ್‌ನ ಮೈಕ್ ಆರಿಸಿದರೆ ಸ್ಟೀರಿಯೊ ಮರಳುತ್ತದೆ.

ಹಸಿರು ಗೆರೆಯೇ ಏಳದವರು ಡಿವೈಸ್ ಮ್ಯಾನೇಜರ್‌ನಲ್ಲಿ ರಿಯಲ್‌ಟೆಕ್ ಆಡಿಯೊ (ಆಡಿಯೊ ಚಿಪ್ ಕಂಪನಿಯ ಡ್ರೈವರ್) ಮೇಲೆ ಅಪ್‌ಡೇಟ್ ಡ್ರೈವರ್ ಕೊಟ್ಟು, ಕಂಪ್ಯೂಟರಿನೊಳಗಿನ ಪಟ್ಟಿಯಿಂದ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಆರಿಸಿ ನೋಡಿ. ಇದು ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್. ಇದರಲ್ಲಿ ಶಬ್ದ ಬಂದರೆ ರಿಯಲ್‌ಟೆಕ್‌ನದ್ದೇ ಕಿತಾಪತಿ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲ್‌ನ ಡ್ರೈವರನ್ನೇ ಹಾಕಿ.

ಜಾಕ್ ಜೊತೆಗೆ ಅದೇ ಬದಿಯ ಯುಎಸ್‌ಬಿಯೂ ಸತ್ತಿದ್ದರೆ, ಎರಡೂ ಕೂತಿರುವ ಸಣ್ಣ ಬೋರ್ಡ್‌ನ ರಿಬ್ಬನ್ ಕೇಬಲ್ ಸಡಿಲಗೊಂಡಿರಬಹುದು. ಅಂಗಡಿಯವರು ಮದರ್‌ಬೋರ್ಡ್ ಎಂದರೂ ಮೊದಲು ಆ ಕೇಬಲ್ ತೆಗೆದು ಕೂರಿಸಲು ಹೇಳಿ. ರಿಪೇರಿಗೆ ಸಮಯವಿಲ್ಲದವರಿಗೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಸಾಕು, ಅದು ಲ್ಯಾಪ್‌ಟಾಪ್‌ನ ಜಾಕನ್ನೂ ಆಡಿಯೊ ಚಿಪ್ಪನ್ನೂ ಬಳಸುವುದೇ ಇಲ್ಲ. ಟೈಪ್ ಸಿ ಅಡಾಪ್ಟರ್ ಕೊಳ್ಳುವುದಾದರೆ ಒಳಗೆ ಡಿಎಸಿ (ಡಿಜಿಟಲ್ ಸಂಕೇತವನ್ನು ಇಯರ್‌ಫೋನ್‌ಗೆ ಬೇಕಾದ ಸಂಕೇತವಾಗಿಸುವ ಚಿಪ್) ಇದೆಯೇ ಎಂದು ಕೇಳಿಯೇ ಕೊಳ್ಳಿ. ಬರೀ ತಂತಿ ಜೋಡಿಸಿದ ಅಗ್ಗದ ಅಡಾಪ್ಟರ್‌ಗಳು ಕೆಲವು ಫೋನ್‌ಗಳಲ್ಲಿ ನಡೆದರೂ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.