ಅಜ್ಜಿಯ ಹಲ್ಲು

ನಿನ್ನೆ ನನ್ನ ತಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೊ ಹಾಕಿದ. ಲಾಲ್‌ಬಾಗ್ ಗಾಜಿನಮನೆ ಮುಂದೆ ಅಜ್ಜಿ ನಿಂತಿರೋ ಹಳೇ ಕಪ್ಪು-ಬಿಳುಪು ಫೋಟೋ. ಎಐ ಕೈಗೆ ಸಿಕ್ಕಿ ಅದಕ್ಕೆ ಬಣ್ಣ ಬಂದಿದೆ, ಅಜ್ಜಿ ಕತ್ತು ತಿರುಗಿಸಿ ಬಾಯ್ತುಂಬ ನಗ್ತಾರೆ. ಸಾಲು ಹಲ್ಲು, ಒಂದೂ ಕಮ್ಮಿ ಇಲ್ಲ.

ನಮ್ಮಜ್ಜಿಗೆ ಮುಂದಿನ ಹಲ್ಲು ಅರ್ಧ ಮುರಿದಿತ್ತು. ನಗು ಬಂದರೆ ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿಯೋರು. ಭುಜ ಕುಣಿಯೋದು ನೋಡಿಯೇ ನಗ್ತಿದ್ದಾರೆ ಅಂತ ನಮಗೆ ಗೊತ್ತಾಗ್ತಿದ್ದದ್ದು.

ಅಮ್ಮ ಮೂರು ಸಲ ನೋಡಿ ಕಣ್ಣೊರೆಸಿಕೊಂಡು, "ನಮ್ಮಮ್ಮ ಥೇಟ್ ಹೀಗೇ ನಗ್ತಿದ್ಲು ಕಣೋ" ಅಂದರು. ಹಲ್ಲಿನ ವಿಷಯ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

2002ರಲ್ಲಿ ಮನಶ್ಶಾಸ್ತ್ರಜ್ಞರು 20 ಜನರಿಗೆ, ಅವರ ಬಾಲ್ಯದ ಚಿತ್ರವನ್ನು ಬಿಸಿಗಾಳಿ ಬಲೂನಿಗೆ ಅಂಟಿಸಿದ ಫೋಟೋ ತೋರಿಸಿದ್ದರು. ಮೂರು ಸಲ ವಿಚಾರಿಸುವಷ್ಟರಲ್ಲಿ ಅರ್ಧದಷ್ಟು ಜನಕ್ಕೆ ಹತ್ತದೇ ಇದ್ದ ಬಲೂನು ಅಷ್ಟೋ ಇಷ್ಟೋ ನೆನಪಾಗಿತ್ತು! ಆಗ ಫೋಟೋ ತಿದ್ದೋಕೆ ಕೈಚಳಕ ಬೇಕಿತ್ತು. ನನ್ನ ತಮ್ಮ ಮೆಜೆಸ್ಟಿಕ್ ಬಸ್ಸಲ್ಲಿ ನಿಂತುಕೊಂಡೇ ಮಾಡಿದ್ದಾನೆ. ಪಾಪ, ಪ್ರೀತಿಯಿಂದಲೇ.

ರಾತ್ರಿ ಮಲಗಿ ಅಜ್ಜಿನ ನೆನೆಸಿಕೊಂಡರೆ ಮೊದಲು ಬಂದದ್ದು ಆ ಸಾಲು ಹಲ್ಲೇ. ಸೆರಗು ಸಿಗೋಕೆ ಸ್ವಲ್ಪ ಹೊತ್ತು ಹಿಡೀತು.