ಹೆತ್ತವಳು ಮೇರಬ್, ಸಾಕಿದವಳು ಮೀಕಲ್

ನ್ಯೂಜೆರ್ಸಿಯಲ್ಲಿ ನಮ್ಮ ನೆರೆಮನೆಯ ಯೆಹೂದಿ ದಂಪತಿಗಳು ಎಂಟು ತಿಂಗಳ ಹೆಣ್ಣುಮಗುವನ್ನು ದತ್ತು ಪಡೆದಾಗ, ನ್ಯಾಯಾಲಯದ ಆದೇಶ ಕೈಸೇರಿದ ಮೇಲೂ ಒಂದು ಕೆಲಸ ಉಳಿದಿತ್ತು. ಹೆತ್ತ ತಾಯಿ ಯೆಹೂದಿಯಲ್ಲದ ಕಾರಣ, 'ಬೇತ್ ದಿನ್' ಎಂಬ ಮೂವರ ಧರ್ಮಪೀಠದ ಎದುರು ಮಗುವನ್ನು 'ಮಿಕ್ವೆ' ಎಂಬ ಕೊಳದಲ್ಲಿ ಮುಳುಗಿಸಿ ಧರ್ಮಕ್ಕೆ ಸೇರಿಸಿಕೊಳ್ಳಬೇಕಿತ್ತು. ಅಂದು ಟವೆಲ್ ಹಿಡಿದು ದಡದಲ್ಲಿ ನಿಂತವಳು ನಾನು. ಎದೆಮಟ್ಟದ ನೀರಿನಲ್ಲಿದ್ದ ದತ್ತು ತಾಯಿ ಮಗುವಿನ ಮುಖಕ್ಕೆ ಮೆಲ್ಲಗೆ ಉಸಿರೂದಿದಳು. ಮಗು ಕಣ್ಣುಮುಚ್ಚಿ ಉಸಿರು ಬಿಗಿಹಿಡಿದ ಆ ಗಳಿಗೆಯಲ್ಲೇ ನೀರಿಗಿಳಿಸಿ, ಮೈಯೆಲ್ಲ ನೀರು ತಾಗಲೆಂದು ಎರಡೂ ಕೈಗಳನ್ನು ಕ್ಷಣಕಾಲ ಬಿಟ್ಟು, ಮರುಕ್ಷಣವೇ ಬಾಚಿಕೊಂಡಳು.

ನಮ್ಮ ದತ್ತಹೋಮದಲ್ಲಿ ಮಗುವಿನ ಗೋತ್ರವೇ ಬದಲಾಗುತ್ತದೆ. ಯೆಹೂದಿ ಧರ್ಮಶಾಸ್ತ್ರವಾದ ಹಲಾಖಾದಲ್ಲಿ ಅಂಥ ವಿಧಿಯಿಲ್ಲ. ಪುರೋಹಿತ ವಂಶದ ಕೊಹೆನ್ ಸಾಕಿದ ಮಗ ಕೊಹೆನ್ ಆಗುವುದಿಲ್ಲ. ಮೊದಲು ಇದು ನನಗೆ ನಿಷ್ಠುರವೆನಿಸಿತ್ತು. ಆದರೆ ಅನಾಥ ಮಗುವನ್ನು ಮನೆಯಲ್ಲಿಟ್ಟು ಬೆಳೆಸಿದವರನ್ನು ಹೆತ್ತವರೆಂದೇ ಶಾಸ್ತ್ರ ಎಣಿಸುತ್ತದೆ ಎಂದು ಯೆಹೂದಿಗಳ ಪ್ರಾಚೀನ ಧರ್ಮಗ್ರಂಥವಾದ ತಾಲ್ಮುದಿನ ಸನ್ಹೆದ್ರಿನ್ ಭಾಗವು ಹೇಳುತ್ತದೆ. ಬೈಬಲ್ಲಿನಲ್ಲಿ ಬರುವ ಸೌಲ ರಾಜನ ಮಗಳು ಮೇರಬ್ ಹೆತ್ತ ಮಕ್ಕಳನ್ನು ಆಕೆಯ ತಂಗಿ ಮೀಕಲ್ ಸಾಕಿದ್ದರಿಂದಲೇ ಅವರು ಮೀಕಲಳ ಮಕ್ಕಳೆನಿಸಿಕೊಂಡರೆಂಬ ವಿವರಣೆಯೂ ಅಲ್ಲಿದೆ. ಹೆತ್ತವಳ ಹೆಸರನ್ನು ಅಳಿಸದೆಯೇ ಸಾಕಿದವಳಿಗೆ ತಾಯಿಯ ಸ್ಥಾನ ಕೊಟ್ಟಿರುವುದನ್ನು ನಾನು ಈಗ ಗೌರವದಿಂದ ಕಾಣುತ್ತೇನೆ.

ಇದಕ್ಕಿಂತಲೂ ನನ್ನ ಮನಸ್ಸನ್ನು ತಟ್ಟಿದ್ದು ತಾಲ್ಮುದಿನದೇ ಕೆತುಬೋತ್ ಭಾಗದಲ್ಲಿ ಬರುವ, ರವ್ ಯೋಸೆಫ್ ಎಂಬ ಧರ್ಮಪಂಡಿತರ ಮಾತು: ಎಳವೆಯಲ್ಲಿ ಹೀಗೆ ಧರ್ಮಕ್ಕೆ ಸೇರಿದ ಮಕ್ಕಳು ದೊಡ್ಡವರಾದಾಗ ಅದನ್ನು ನಿರಾಕರಿಸಬಹುದು. ಹೆಣ್ಣಿಗೆ 12, ಗಂಡಿಗೆ 13 ವರ್ಷ ತುಂಬುವಾಗ ಆ ಹಕ್ಕು ಒದಗುತ್ತದೆ. ಆಚರಣೆಯನ್ನು ಸುಮ್ಮನೆ ಮುಂದುವರಿಸಿದರೂ ಅದನ್ನು ಒಪ್ಪಿಗೆಯೆಂದೇ ಪರಿಗಣಿಸುವುದುಂಟು. ನೆರೆಮನೆಯಾಕೆ ಮಾತ್ರ ಆ ಮೌನವನ್ನು ನೆಚ್ಚಿಕೊಳ್ಳಲು ಸಿದ್ಧಳಿಲ್ಲ. ದತ್ತಿನ ವಿಷಯವನ್ನು ಮಗಳಿಗೆ ಮೊದಲಿನಿಂದಲೂ ತಿಳಿಸುತ್ತ ಬಂದಿರುವ ಆಕೆ, 12 ತುಂಬಿದಾಗ ಬಾಯಿಬಿಟ್ಟು ಕೇಳುತ್ತೇನೆ ಎನ್ನುತ್ತಾಳೆ. ಅದೇ ಸರಿಯೆಂದು ನನಗೂ ಅನಿಸುತ್ತದೆ. ಒಪ್ಪಿಗೆ ಕೇಳದೇ ಧರ್ಮಕ್ಕೆ ಸೇರಿಸಿಕೊಂಡ ಮಗುವನ್ನು ಒಮ್ಮೆಯಾದರೂ ಕೇಳಲೇಬೇಕು.

ಈಗ ಅವಳಿಗೆ ಐದು ವರ್ಷ. ಶುಕ್ರವಾರ ಸಂಜೆ ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ದೀಪ ಹಚ್ಚಿದ ಬಳಿಕ, ಯೆಹೂದಿಗಳ ಮೂಲಮಾತೆಯರಾದ ಸಾರಾ, ರೆಬೆಕ್ಕಾ, ರಾಚೇಲ್, ಲೇಯಾರಂತೆ ದೇವರು ನಿನ್ನನ್ನು ಮಾಡಲಿ ಎಂದು ತಾಯಿ ಅವಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾಳೆ. ಕಳೆದ ವಾರ ನಾನೂ ಅಲ್ಲಿದ್ದೆ. ಕೊಳದ ಕಥೆಯನ್ನು ಮತ್ತೆ ಹೇಳಿಸಿಕೊಂಡ ಮಗು, "ನಿಜವಾಗಿಯೂ ಕೈಬಿಟ್ಟೆಯಾ?" ಎಂದು ಕೇಳಿತು. "ಬಿಟ್ಟೆ, ಒಂದೇ ಕ್ಷಣ," ಎಂದ ತಾಯಿ, ಅವಳ ಪುಟ್ಟ ತಟ್ಟೆಗೆ ಹಲ್ಲಾ ರೊಟ್ಟಿಯನ್ನು ಮುರಿದು ಹಾಕಿದಳು.